ಕೊಡಾಕಂತ ಕಟ್ಟಿದ ಕಂಪನಿ

ತೀರಿಕೊಂಡ ಗಂಡ ಕಾಶಿನಾಥನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಶೋಭಾ ಅರ್ಧಕ್ಕೇ ಕೈ ತಡೆದು ಅಂಗಳದ ಕಡೆ ನೋಡಿದಳು. ಪೆಂಡಾಲಿನಡಿ ಗಂಡನ ಡಯಾಲಿಸಿಸ್ ಕೇಂದ್ರ ನೋಡಿಕೊಳ್ಳುವ ಅಸ್ಫಾಕ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಅವನ ಹಿಂದೆ ಏಳೆಂಟು ರೋಗಿಗಳು. ಕುಲಗೋಡದ ಬೇಗಂಬಿ ಮುಖ, ಕೈಕಾಲು ಬಾತು ಗೋಡೆಗೆ ಒರಗಿ ಕೂತಿದ್ದಳು.

"ಇವತ್ತ ಇವರ ಪಾಳಿ ಅಲ್ಲೇನೋ?" ಶೋಭಾ ಕೇಳಿದಳು.

ಯಜಮಾನರನ್ನು ಮಣ್ಣು ಮಾಡುವ ದಿನ ಬಾಗಿಲು ತೆರೆಯುವುದು ಸರಿ ಕಾಣಲಿಲ್ಲ, ಮೂಡಲಗಿಯ ಕೇಂದ್ರಕ್ಕೆ ಬೀಗ ಹಾಕಿ ಎಲ್ಲರನ್ನೂ ಬಸ್ಸಿನಲ್ಲಿ ಗೋಕಾಕಕ್ಕೆ ಕರೆತಂದೆ ಎಂದ ಅವನು.

ಶೋಭಾಳಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಬೆಳಗಿನಿಂದ ಬಂದವರೆಲ್ಲ ಗಂಡನನ್ನು ಹೊಗಳಿ ಹೊಗಳಿ ಅವಳ ಕಿವಿ ದಣಿಸಿದ್ದರು. ಅವರಲ್ಲಿ ಒಬ್ಬರಾದರೂ ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದರೇ?

*

ಮೊದಲ ಕಂಪನಿಯನ್ನು ಕಾಶಿನಾಥ ಹುಕ್ಕೇರಿಯ ಬಾಡಿಗೆ ಮಳಿಗೆಯಲ್ಲಿ ಕಟ್ಟಿದ್ದ. ಕಬ್ಬು ಕಡಿಯುವ ಯಂತ್ರ ಯಾರ ಹೊಲಕ್ಕೆ ಯಾವಾಗ ಬರುತ್ತದೆಂದು ರೈತರಿಗೆ ಮೊಬೈಲಿನಲ್ಲೇ ತಿಳಿಸುವ ಆ್ಯಪ್ ಅದು. ಪುಣೆಯವರು ಅದನ್ನು ಕೊಂಡರೆಂದು ಕೇಳಿದ ದಿನವೇ ಶೋಭಾ, ಸಿಮೆಂಟಿನ ಗಿಲಾವು ಕಾಣದ ಮನೆಯ ಗೋಡೆಗಳಿಗೆ ಬಣ್ಣ ಆರಿಸಿಟ್ಟಿದ್ದಳು. ಸಂಜೆ ಬಸ್ಸಿಳಿದು ಬಂದವನು, ದುಡ್ಡೆಲ್ಲ ಮೂಡಲಗಿಯಲ್ಲಿ ಡಯಾಲಿಸಿಸ್ ಕೇಂದ್ರಕ್ಕೆ ಹೋಯಿತು ಎಂದ. ಅವನ ತಾಯಿ ಬಾಳವ್ವ ಅದೇ ಚಿಕಿತ್ಸೆಗೆ ಬೆಳಗಾವಿಗೆ ಅಲೆದಲೆದು ಸವೆದು ಸತ್ತಿದ್ದಳು.

"ಉಳದದ್ದ ಕೊಡೋ ಮಂದೀನ ನೋಡೇನಿ. ಕೊಡಾಕಂತ ಕಂಪನಿ ತಗಿಯೋರು ನೀವೊಬ್ರ ನೋಡ್ರಿ" ಎಂದಳು ಶೋಭಾ.

"ಕೈಯಾಗ ಬಂದ ಮ್ಯಾಲ ಕೊಡಾಕ ಮನಸ ಬರೂದಿಲ್ಲ. ನನ್ನ ನಾ ಬಲ್ಲೆ. ಅದಕ್ಕ ಕಂಪನಿ ತಗಿಯೂ ಮೊದಲ, ಬಂದದ್ದೆಲ್ಲ ಕೇಂದ್ರಕ್ಕಂತ ಬರದ ಕೊಟ್ಟಬಿಟ್ಟಿದ್ನಿ."

ಆಮೇಲೆ ಅರಿಷಿಣ ಒಣಗಿಸುವ ಯಂತ್ರದ ಕಂಪನಿ ಬಂತು, ಮುಳುಗಿತು. ಹಾಲು ತಂಪಿಡುವ ಪೆಟ್ಟಿಗೆಯದು ಗೆದ್ದಿತು. ಕೇಂದ್ರಕ್ಕೆ ಹೊಸ ಯಂತ್ರಗಳು ಬಂದವು, ಗೋಡೆ ಹಾಗೆಯೇ ಉಳಿಯಿತು. ಮನೆಗೆಂದು ಒಂದಿಷ್ಟು ಪಗಾರ ತೆಗೆದುಕೊಳ್ಳುತ್ತಿದ್ದ, ಅದನ್ನೂ ಕದ್ದವನಂತೆ ತಂದು ಕೊಡುತ್ತಿದ್ದ. ನಿನ್ನೆ ನಾಲ್ಕನೆಯ ಕಂಪನಿಯ ಬಗ್ಗೆ ಫೋನಿನಲ್ಲಿ ಮಾತಾಡುತ್ತಲೇ ಎದೆ ಹಿಡಿದುಕೊಂಡು ಕುಸಿದಿದ್ದ.

*

ಮೈದುನ ದುಂಡಪ್ಪ ಒಳಗೆ ಬಂದು, ಟೆಂಪೊ ಬಂತು, ಹೊತ್ತಾಗುತ್ತದೆ ಎಂದ. ಅಣ್ಣನನ್ನು ಊರ ತುಂಬ ಮೆರವಣಿಗೆ ಮಾಡಲು ಅವನೇ ತರಿಸಿದ ಟೆಂಪೊ ಚೆಂಡುಹೂವಿನಲ್ಲಿ ಮುಚ್ಚಿಹೋಗಿತ್ತು. ಮುಂದೆ ಕಾಶಿನಾಥನ ದೊಡ್ಡ ಫೋಟೊ.

"ಬೇಗಂಬೀನ ಹತ್ತಸ್ರಿ ಅದರಾಗ" ಎಂದಳು ಶೋಭಾ. "ಉಳದವ್ರನ್ನೂ. ಅಸ್ಫಾಕ, ನೀ ಹೋಗಿ ಬೀಗ ತಗಿ."

"ವೈನಿ, ಅಣ್ಣನ ಮೆರವಣಿಗಿ?"

"ಹೆಗಲ ಮ್ಯಾಲ ಒಯ್ಯಿರಿ. ಇವ್ರೊಳಗ ಒಬ್ರಿಗೆ ಏನರ ಆತಂದ್ರ ನಿಮ್ಮಣ್ಣ ಕುಣ್ಯಾಗಿಂದ ಎದ್ದ ಬಂದು ಐದನೇ ಕಂಪನಿ ತಗೀತಾರ. ಇನ್ನ ನನ್ನ ಕಡೆ ಆಗೂದಿಲ್ಲಪಾ."

ಕುಣಿಗೆ ಒಂದು ಹಿಡಿ ಮಣ್ಣು ಹಾಕದೆ ಹೋಗುವುದಿಲ್ಲ ಎಂದು ಬೇಗಂಬಿ ಹಟ ಹಿಡಿದಳು. ಶೋಭಾ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ನಿನ್ನ ಪಾಲಿಂದೂ ನಾನ ಹಾಕ್ತೇನಿ. ನೀ ನಡಿಯವಾ." ಬೆಳಗಿನಿಂದ ಗಟ್ಟಿಯಾಗಿದ್ದ ಅವಳ ದನಿ ಅಲ್ಲಿ ಒಡೆಯಿತು.

ಟೆಂಪೊ ಮೂಡಲಗಿಯ ಹಾದಿ ಹಿಡಿಯಿತು. ಬಸ್‌ಸ್ಟ್ಯಾಂಡಿನೆದುರು ಚಹಾ ಕುಡಿಯುತ್ತಿದ್ದವರು ಫೋಟೊ ನೋಡಿ ಮೆರವಣಿಗೆಯೆಂದು ಎದ್ದು ನಿಂತು, ಚಪ್ಪಲಿ ಕಳಚಿ ಕೈಮುಗಿದರು. ಹೂಮಾಲೆಗಳ ನಡುವೆ ಕೂತಿದ್ದ ಬೇಗಂಬಿ ಬಾತ ಕೈಯನ್ನು ಮೆಲ್ಲಗೆ ಎತ್ತಿ ಅವರಿಗೆ ಸಲಾಮು ಮಾಡಿದಳು.