ಕೇಳದೆ ಮಾಡಿದ ಫೋನು

ಸಂಖ ಊರಿನ ದವಾಖಾನೆಯಲ್ಲಿ ಪಂಚಶೀಲಾ ಆಪ್ತಸಮಾಲೋಚಕಿಯಾಗಿ ಸೇರಿ ಐದು ತಿಂಗಳಾಗಿತ್ತು. ವಯಸ್ಸು ಇಪ್ಪತ್ತಾರು. ನಿದ್ದೆ ಬರುವುದಿಲ್ಲವೆಂದು ಬಂದ ಎಪ್ಪತ್ತು ದಾಟಿದ ಮಲಕವ್ವನನ್ನು ಡಾಕ್ಟರು ಪಂಚಶೀಲಾಳ ಕೋಣೆಗೆ ಕಳಿಸಿದ್ದರು. ಮೊದಲೆರಡು ವಾರ ಮುದುಕಿ, “ನಿನ್ನಷ್ಟ ಮೊಮ್ಮಗಳದಾಳ ನನಗ. ನಿನ್ನ ಮುಂದ ಏನ್ ಹೇಳ್ಲಿ?” ಎಂದು ಸೆರಗು ಹೊದ್ದು ಕೂತಳು. ಮೂರನೆಯ ವಾರ ತಾನಾಗಿಯೇ ಬಾಯಿಬಿಟ್ಟಳು. ನಾಲ್ಕು ವರ್ಷದ ಮಗಳೊಬ್ಬಳು ಜ್ವರ ಬಂದು ತೀರಿಕೊಂಡು ನಲವತ್ತೆಂಟು ವರ್ಷವಾಗಿತ್ತು. ಮನೆಯಲ್ಲಿ ಅವಳ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

“ಸಾಕಾಗೇತಿ ಯವ್ವಾ. ಶಿವ ಲಗೂನ ಕರಕೊಂಡ್ರ ಚಲೋ,” ಎಂದು ಕಣ್ಣೊರೆಸಿಕೊಂಡು ಎದ್ದಳು.

ಪಂಚಶೀಲಾಳಿಗೆ ಗಾಬರಿಯಾಯಿತು. ಇಂಥ ಮಾತು ಬಂದರೆ ಜೀವ ಕಳೆದುಕೊಳ್ಳುವ ಯೋಚನೆ ಇದೆಯೇ ಎಂದು ಬಿಡಿಸಿ ಕೇಳಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಅಜ್ಜಿಯಂಥವಳನ್ನು ಹಾಗೆ ಕೇಳಲು ನಾಲಿಗೆ ಏಳಲಿಲ್ಲ. ಮುದುಕಿ ಹೋದ ಮೇಲೆ ಅವಳ ಮಗ ಗುರುಸಿದ್ದನಿಗೆ ಫೋನು ಮಾಡಿ, ಸತ್ತ ಮಗುವಿನ ವಿಷಯವನ್ನೂ ಬಿಡದೆ ಎಲ್ಲ ಹೇಳಿದಳು.

ಎರಡು ವಾರ ಮಲಕವ್ವ ಬರಲಿಲ್ಲ. ಪಂಚಶೀಲಾ ಮನೆ ಹುಡುಕಿಕೊಂಡು ಹೋದಳು.

“ಬರ್ರಿ ಮೇಡಮ್, ಹೇಳಿದ್ದು ಚಲೋ ಆತು,” ಎಂದ ಗುರುಸಿದ್ದ. “ಬಾವಿ ಕಡೆ ಬಿಡೂದ ಇಲ್ಲ. ಓಣಿಯವರಿಗೂ ಎಲ್ಲಾ ಹೇಳಿ ನಿಗಾ ಇಡ್ರಿ ಅಂದೀನಿ.”

ಮಲಕವ್ವ ಕಟ್ಟೆಯ ಮೇಲಿಂದ ತಲೆ ಎತ್ತಲಿಲ್ಲ. “ನಮ್ಮ ಓರಗಿಯವರೆಲ್ಲಾ ಹಂಗ ಅಂತೀವಿ. ಕುಂತ್ರೂ ಅಂತೀವಿ, ಎದ್ರೂ ಅಂತೀವಿ. ಫೋನ್ ಮಾಡೂ ಮೊದಲ ನನ್ನ ಒಂದ್ ಮಾತ ಕೇಳಬಾರದಿತ್ತ?”

ಪಂಚಶೀಲಾಳಿಗೆ ಯಳವಿ ಊರಿನಲ್ಲಿದ್ದ ತನ್ನ ಅಜ್ಜಿ ಚಂದ್ರಾಬಾಯಿ ನೆನಪಾದಳು. ಮೊಣಕಾಲು ಹಿಡಿದು ಏಳುವಾಗೆಲ್ಲ “ಸಾವಾದ್ರೂ ಯಾಕ ಬರವಲ್ದು” ಎನ್ನುತ್ತಿದ್ದಳು. ಮೊಮ್ಮಗಳು ನಗುತ್ತಿದ್ದಳು. ಮನೆಯಲ್ಲಿ ಅರ್ಥವಾಗುತ್ತಿದ್ದ ಮಾತು ದವಾಖಾನೆಯ ಕುರ್ಚಿಯ ಮೇಲೆ ಕೂತಾಗ ಅರ್ಥವಾಗಿರಲಿಲ್ಲ.

“ತಪ್ಪಾತ್ರಿ ಆಯಿ. ಕೇಳಾಕ ಅಂಜಿದೆ. ಈಗ ಕೇಳ್ತೀನಿ. ಜೀವಾ ಕಳಕೋಬೇಕು ಅಂತ ಮನಸಿನ್ಯಾಗ ಬಂದೈತೇನ್ರಿ?”

ಮಲಕವ್ವ ಅವಳನ್ನೇ ನೋಡಿದಳು. “ಇಲ್ಲ ಯವ್ವಾ. ಅಕಿ ನೆನಪಾಗಿ ಸಂಕಟ ಆಗತೈತಿ, ಅಷ್ಟ.”

ಪಂಚಶೀಲಾ ಗುರುಸಿದ್ದನನ್ನು ಕರೆದು, ಅವ್ವನನ್ನು ಹೀಗೆ ಕಟ್ಟಿಹಾಕಬೇಡಿ, ದುಡುಕಿದ್ದು ತಾನು ಎಂದು ತಿಳಿಸಿ ಹೇಳಿದಳು. ಅವನು ಅರೆಮನಸ್ಸಿನಿಂದ ಹೂಂ ಅಂದ.

“ಮತ್ತ ನನ್ನ ಕೋಣಿಗೆ ಬರ್ತೀರೇನ್ರಿ?” ಹೊರಡುವಾಗ ಪಂಚಶೀಲಾ ಮುದುಕಿಯನ್ನು ಕೇಳಿದಳು.

“ನಿನ್ನ ಮ್ಯಾಲ ಸಿಟ್ಟಿಲ್ಲ ಮಗಳ. ಆದ್ರ ನಲವತ್ತೆಂಟ ವರ್ಷ ಹೊಟ್ಟ್ಯಾಗಿಟ್ಟುಕೊಂಡಿದ್ದು ಓಣಿ ಪಾಲಾತು. ಇನ್ನೇನ್ ಹೇಳೂದೈತಿ?”

ಮಲಕವ್ವ ಆಮೇಲೂ ಗುಳಿಗೆಗೆಂದು ದವಾಖಾನೆಗೆ ಬರುತ್ತಿದ್ದಳು. ಕಂಡಾಗ “ಉಂಡೇನವಾ?” ಎಂದು ವಿಚಾರಿಸುತ್ತಿದ್ದಳು. ಪಂಚಶೀಲಾಳ ಕೋಣೆಯೊಳಗೆ ಮಾತ್ರ ಕಾಲಿಡಲಿಲ್ಲ.