ಸದ್ದಿಲ್ಲದ ಇಪ್ಪತ್ತೆರಡು ನಿಮಿಷ

ನನ್ನ ಕಿವಿ ಸರಿಯಾಗಿಯೇ ಇದೆ, ಜನರೇ ಈಗೀಗ ಪಿಸಪಿಸ ಮಾತಾಡುತ್ತಾರೆ ಎಂದು ನಾಲ್ಕು ವರ್ಷ ವಾದ ಮಾಡಿದವನು ನಾನು. ಹೆಂಡತಿ ವಿಮಲಾ ಒಪ್ಪಲಿಲ್ಲ.

"ಕುಕ್ಕರ್ ಐದು ಸಲ ಕೂಗಿತು, ನೀವು ಪಕ್ಕದಲ್ಲೇ ಕೂತಿದ್ರಿ. ಡಾಕ್ಟರಿಗೆ ತೋರ್ಸಿ ಬನ್ನಿ ಅಂದ್ರೆ ಆಗುದಿಲ್ಲ ನಿಮಗೆ."

"ಪೇಪರ್ ಓದ್ತಾ ಇದ್ದೆ ಮಾರಾಯ್ತಿ!" ಎಂದು ರೇಗುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ತಪ್ಪು ನನ್ನದಾದಾಗ ಇನ್ನೂ ಬೇಗ ಬರುತ್ತದೆ.

ನಾನು ರಾಘವೇಂದ್ರ ಹೆಬ್ಬಾರ್, ಕುಂದಾಪುರದ ಕಡೆಯವನು. ಅಹಮದಾಬಾದಿನ ವಸ್ತ್ರಾಪುರದ ಹತ್ತಿರ ಒಂದು ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಆಗ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕಿವಿ ಮಂದವಾಗಿದೆ ಎಂದು ಗೊತ್ತಾದರೆ ಹಾರ ಹಾಕಿ, ಶಾಲು ಹೊದಿಸಿ, "ವಿಶ್ರಾಂತಿ ತಗೊಳ್ಳಿ ಸಾಹೇಬ್" ಎಂದು ಮನೆಗೆ ಕಳಿಸಿಬಿಡುತ್ತಾರೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಪಾಠ ಮಾಡದೆ ನಾನು ಏನು ಮಾಡಲಿ? ನನಗೆ ಬೇರೆ ಕೆಲಸವೇ ಬರುವುದಿಲ್ಲ.

ಪಾಠ ಹೇಳುವಾಗ ತೊಂದರೆ ಇರಲಿಲ್ಲ, ಬಾಯಿ ನನ್ನದೇ. ಹುಡುಗರು ಪ್ರಶ್ನೆ ಕೇಳಿದಾಗ ಫಜೀತಿ. "ಒಳ್ಳೆ ಪ್ರಶ್ನೆ, ನಾಳೆ ನೋಡೋಣ" ಎಂದು ಸಾಗಹಾಕುತ್ತಿದ್ದೆ. ಹುಡುಗಿಯೊಬ್ಬಳು ಹೊಟ್ಟೆನೋವು, ಮನೆಗೆ ಹೋಗಲೇ ಎಂದು ಕೇಳಿದಾಗಲೂ ಅದನ್ನೇ ಹೇಳಿದೆನಂತೆ.

ನನ್ನನ್ನು ಕಾಪಾಡಿದ್ದು ನಮ್ಮ ಗ್ರಂಥಪಾಲಕಿ ಅನುರಾಧಾಬೆನ್. ಕಾಲೇಜು ಸಾಕ್ಷ್ಯಚಿತ್ರಗಳ ಒಂದು ಜಾಲತಾಣಕ್ಕೆ ಸದಸ್ಯತ್ವ ಪಡೆದಿತ್ತು. ಗ್ರಂಥಾಲಯದಲ್ಲಿ ಎದುರು ಕೂರಿಸಿಕೊಂಡು ಆಕೆ ತೋರಿಸಿದರು: ಇಲ್ಲಿ ವಿಷಯ ಟೈಪ್ ಮಾಡಿ, ಇಲ್ಲಿ ಎಷ್ಟು ಉದ್ದದ್ದು ಬೇಕು ಆರಿಸಿ, ಬೇಕಾದ ತುಂಡನ್ನಷ್ಟೇ ಕತ್ತರಿಸಿ ಇಟ್ಟುಕೊಳ್ಳಿ. ನನ್ನ ಕಣ್ಣು ಮಾತ್ರ ಮೂಲೆಯ ಒಂದು ಪುಟ್ಟ ಚೌಕದ ಮೇಲಿತ್ತು. ಅದನ್ನು ಒತ್ತಿದರೆ, ಆಡಿದ ಮಾತೆಲ್ಲ ಕೆಳಗೆ ಅಕ್ಷರಗಳಲ್ಲಿ ಹರಿದುಬರುವ ವಿಡಿಯೊಗಳು ಮಾತ್ರ ಉಳಿಯುತ್ತಿದ್ದವು. ಅಬ್ಬಾ, ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಅವತ್ತಿನಿಂದ ವಾರಕ್ಕೆರಡು ವಿಡಿಯೊ. ಮನೆಯಲ್ಲಿ ಮೂರು ಸಲ ನೋಡಿ, ಓದಿ, ಕತ್ತರಿಸಿ ತರುತ್ತಿದ್ದೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಬರೆದರೆ ಯೋಚನೆ ತಿಳಿಯಾಗುತ್ತದೆ ಎಂದು ಗಂಭೀರವಾಗಿ ಸುಳ್ಳು ಹೇಳಿದೆ. ಈ ವಯಸ್ಸಿನಲ್ಲೂ ಎಷ್ಟು ಹೊಸತನ ಎಂದು ಕಾಲೇಜೆಲ್ಲ ಹೊಗಳಿತು. ನಾನೂ ಸ್ವಲ್ಪ ಉಬ್ಬಿದೆ.

ಜನವರಿಯಲ್ಲಿ ಪ್ರಿನ್ಸಿಪಾಲರು ಹದಿನೈದು ಜನ ಅಧ್ಯಾಪಕರನ್ನು ಕರೆದುಕೊಂಡು ಬಂದು ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಕೂತರು. ಹೆಬ್ಬಾರರ ಪಾಠ ನೋಡಿ ಎಲ್ಲರೂ ಕಲಿಯಬೇಕಂತೆ. ಸೂರತ್ತಿನ ವಜ್ರದ ಕಾರ್ಖಾನೆಯೊಂದರ ವಿಡಿಯೊ ಹಾಕಿದೆ, ಇಪ್ಪತ್ತೆರಡು ನಿಮಿಷದ್ದು. ಕೆಲಸಗಾರರು ತಿರುಗುವ ಗಾಲಿಗೆ ವಜ್ರ ಒತ್ತಿ ಹಿಡಿಯುತ್ತಿದ್ದರು. ಗಾಲಿಗಳ ಕರ್ಕಶ ಸದ್ದು ಎಂದು ಕೆಳಗೆ ಅಕ್ಷರ ಬಂತು. ಮುಗಿದ ಮೇಲೆ ದೀಪ ಹಾಕಿ ಜೋರಾಗಿ ಕೇಳಿದೆ:

"ಕೇಳಿದಿರಲ್ಲ ಆ ಗಾಲಿಗಳ ಕಿರುಚಾಟ! ದಿನಕ್ಕೆ ಹತ್ತು ಗಂಟೆ ಅದರ ಮುಂದೆ ಕೂತವನ ಕಿವಿ ಏನಾಗಬೇಕು, ಹೇಳಿ?"

ಹಿಂದಿದ್ದ ಅಧ್ಯಾಪಕರು ಮುಖ ಮುಖ ನೋಡಿಕೊಂಡರು. ಮೊದಲ ಬೆಂಚಿನ ನಿಶ್ಚಿತಾ ಎದ್ದು ನನಗೆ ಬೆನ್ನು ಹಾಕಿ ಅವರಿಗೆ ಏನೋ ಹೇಳಿದಳು. ಅವಳು ಇಲ್ಲೇ ಉಡುಪಿ ಹೋಟೆಲು ನಡೆಸುವ ಜನಾರ್ದನರ ಮಗಳು, ತರಗತಿಯಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಎಲ್ಲರೂ ತಲೆದೂಗಿ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಯಾಕೆ ಎಂದು ಗೊತ್ತಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ತಾವೂ ಕೂತಿದ್ದ ಅನುರಾಧಾಬೆನ್ ಸಂಜೆ ಎದುರು ನಿಂತು ಬಾಯಿ ತುಂಬ ಹೊಗಳಿದರು. "ಸದ್ದೇ ಇಲ್ಲದೆ ತೋರಿಸೋದು, ಮಕ್ಕಳು ಸದ್ದನ್ನ ಊಹೆ ಮಾಡ್ಕೊಳ್ಳೋದು! ಆ ಹುಡುಗಿ ಹೇಳಿದ ಮೇಲೇ ನಮಗೆ ಅರ್ಥ ಆಗಿದ್ದು ಹೆಬ್ಬಾರ್‌ಭಾಯ್. ಮುಂದಿನ ತಿಂಗಳು ವಡೋದರಾದ ಸಭೇಲಿ ನಿಮ್ಮದೇ ಭಾಷಣ ಅಂತೆ, ಮೌನ ವಿಧಾನದ ಮೇಲೆ!"

ಸದ್ದೇ ಇರಲಿಲ್ಲವೇ? ನಾನು ಎಲ್ಲರೆದುರು ನಿಂತು ಕಿರುಚಾಟ ಕೇಳಿದಿರಾ ಎಂದೆನಲ್ಲ! ನಾಚಿಕೆಯಿಂದ ಸತ್ತುಹೋದ ಹಾಗಾಯಿತು. ಮನೆಗೆ ಬಂದು ಮೊದಲ ಸಲ ವಿಮಲಾಳಿಗೆ ಹೇಳಿದೆ, "ನೀನು ಹೇಳಿದ್ದು ಸರಿ. ನನಗೆ ಕೇಳುವುದಿಲ್ಲ." ಅವಳು ಗೆದ್ದ ಮುಖ ಮಾಡಲಿಲ್ಲ. ತಟ್ಟೆಗೆ ಬಿಸಿ ಅನ್ನ ಬಡಿಸಿದಳು.

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರಿಗೆ ಎಲ್ಲ ಹೇಳಿಬಿಟ್ಟೆ. ಇಲ್ಲದ ವಿಧಾನದ ಮೇಲೆ ಭಾಷಣ ಮಾಡುವಷ್ಟು ಭಂಡತನ ನನ್ನಲ್ಲಿಲ್ಲ. ಅವರ ಮುಖ ಬಿಗಿಯಾಯಿತು. ನನಗೆ ಕೇಳಲೆಂದು ದೊಡ್ಡ ದನಿಯಲ್ಲಿ, "ಮಕ್ಕಳಿಗೆ ಇಷ್ಟು ದಿನ ನಷ್ಟ ಆಗಿದೆಯೋ ಏನೋ. ಅವರನ್ನೇ ಕೇಳ್ತೀನಿ. ಆಮೇಲೆ ನಿಮ್ಮ ವಿಷಯ ನೋಡೋಣ," ಎಂದು ನನ್ನ ಜೊತೆಗೇ ತರಗತಿಗೆ ಬಂದರು.

ನಾನು ಹುಡುಗರ ಮುಂದೆ ನಿಂತು ಹೇಳಿದೆ, "ನಿನ್ನೆ ಸ್ಪೀಕರ್ ನಿಂತಿದ್ದು ನನಗೆ ತಿಳಿಯಲಿಲ್ಲ. ನನ್ನ ಕಿವಿ ಹೋಗಿದೆ. ನಿಮಗೆ ಮೋಸ ಮಾಡಿದೆ, ಕ್ಷಮಿಸಿ."

ಪ್ರಿನ್ಸಿಪಾಲರು ಅವರನ್ನು ಏನೋ ಕೇಳಿದರು. ಅರವತ್ತು ಬಾಯಿಗಳು ಒಟ್ಟಿಗೆ ಅಲ್ಲಾಡಿದವು. ನನಗೆ ಬರೀ ಗುಜುಗುಜು. ನಿಶ್ಚಿತಾ ನನ್ನತ್ತ ನೋಡಿದಳು, ಎದ್ದು ಬಂದು ನನಗೊಬ್ಬನಿಗೇ ತಿಳಿಯಲೆಂದು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯತೊಡಗಿದಳು. ಅವಳಿಗೆ ಬರುತ್ತಿದ್ದದ್ದು ಅಪ್ಪನ ಹೋಟೆಲಿನ ತಿಂಡಿ ಪಟ್ಟಿ ನೋಡಿ ಕಲಿತ ಕನ್ನಡ. ಅಕ್ಷರಗಳು ಒಂದು ದೊಡ್ಡದು, ಒಂದು ಚಿಕ್ಕದು.

"ಏನು ಬರೆದಿದ್ದಾಳೆ? ಓದಿ," ಎಂದು ಪ್ರಿನ್ಸಿಪಾಲರು ನನಗೆ ಸನ್ನೆ ಮಾಡಿದರು. ಒಂದೊಂದೇ ಸಾಲನ್ನು ಓದಿ ಅವರಿಗೆ ಹಿಂದಿಯಲ್ಲಿ ಹೇಳಿದೆ.

"ಗೊತ್ತು ಸರ್."

"ನಿನ್ನೆ ಅಲ್ಲ. ದೀಪಾವಳಿ ರಜೆಯಲ್ಲಿ ಇಲಿ ಸ್ಪೀಕರ್ ವಯರ್ ಕಡಿದಿದೆ."

"ರಿಪೇರಿಯವರು ಎಲ್ಲ ಕೋಣೆ ನೋಡುತ್ತಾ ಎರಡು ಸಲ ಬಂದರು. ಸರಿ ಇದೆ ಅಂತ ನಾವೇ ವಾಪಸ್ ಕಳಿಸಿದೆವು."

ಮೂರನೆಯ ಸಾಲನ್ನು ಎರಡು ಸಲ ಓದಿದೆ. ದೀಪಾವಳಿಯಿಂದ ಜನವರಿ! ಎರಡು ತಿಂಗಳಿಗೂ ಹೆಚ್ಚು ಕಾಲ ಅರವತ್ತು ಮಕ್ಕಳು ಸದ್ದಿಲ್ಲದ ವಿಡಿಯೊ ನೋಡಿದ್ದರು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಕತ್ತೆಗಳಾ, ಒಂದು ಮಾತು ಹೇಳಬಾರದಿತ್ತಾ?" ಎಂದು ಗದರಿದೆ. ಕಣ್ಣಿಂದ ನೀರು ಸುರಿಯುತ್ತಿತ್ತು, ಹಾಗಾಗಿ ಯಾರೂ ಹೆದರಲಿಲ್ಲ.

ನಿಶ್ಚಿತಾ ಮತ್ತೆ ಬರೆದಳು, "ಹೇಳಿದರೆ ನಿಮ್ಮನ್ನು ಮನೆಗೆ ಕಳಿಸುತ್ತಾರೆ."

ಅದನ್ನೂ ಹಿಂದಿಯಲ್ಲಿ ಹೇಳಬೇಕಾಯಿತು. ಪ್ರಿನ್ಸಿಪಾಲರು ನೆಲ ನೋಡಿದರು. ಆಮೇಲೆ ಮೊದಲ ಬೆಂಚಿಗೆ ಹೋಗಿ ನಿಶ್ಚಿತಾಳ ಜಾಗದಲ್ಲಿ ಕೂತು, ನನ್ನತ್ತ ತಿರುಗಿ ಬಾಯಿ ಅಗಲಿಸಿ ನಿಧಾನವಾಗಿ ಹೇಳಿದರು, "ಈ ವಾರವೇ ಕಿವಿ ತೋರಿಸಿ ಬನ್ನಿ. ಈಗ ವಿಡಿಯೊ ಹಾಕಿ."

ಹಾಕಿದೆ. ಸ್ಪೀಕರ್ ಇನ್ನೂ ರಿಪೇರಿಯಾಗಿರಲಿಲ್ಲ. ಎಲ್ಲರೂ ಸುಮ್ಮನೆ ಕೂತು ಓದಿದೆವು.