ಚಿಲಕನ ಬೆರಳು

ತಂಡದಲ್ಲಿ ಅವನಿಗೆ ಚಿಲಕ ಅಂತಲೇ ಹೆಸರು. ಸ್ಟಂಪಿನ ಹಿಂದೆ ಕೂತನೆಂದರೆ ಚೆಂಡು ಆಚೆ ಹೋಗುತ್ತಿರಲಿಲ್ಲ. ಬ್ಯಾಟಿಂಗಿನಲ್ಲೋ, ಮೇಲಿನ ಮಹಾರಾಜರೆಲ್ಲ ಸೊನ್ನೆ ಸುತ್ತಿ ಬಂದು ಎಸಿಯ ಕೆಳಗೆ ಒರಗಿದ ಮೇಲೆ, ಏಳನೆಯವನಾಗಿ ಹೋಗಿ ಸಂಜೆತನಕ ಕೂಲಿಯವನ ಹಾಗೆ ರನ್ನು ಹೊರುವವನು. ಪತ್ರಿಕೆಗಳು ಅವನನ್ನು 'ನಂಬಿಕಸ್ಥ' ಎಂದು ಬರೆಯುತ್ತಿದ್ದವು. ನಂಬಿಕಸ್ಥ ಎಂದರೆ ಜಾಹೀರಾತಿಗೆ ಕರೆಯದ, ರಜೆಯನ್ನೂ ಕೊಡದ ಆಳು ಎಂದರ್ಥ.

ಟೆಸ್ಟ್ ಪಂದ್ಯ ಶುರುವಾಗುವ ಬೆಳಿಗ್ಗೆ ಹೋಟೆಲ್ ಕೋಣೆಯಲ್ಲಿ ಹೆಂಡತಿ ಅವನ ಹತ್ತೂ ಬೆರಳಿಗೆ ಟೇಪು ಸುತ್ತುತ್ತಿದ್ದಳು. ಮುರಿದದ್ದು ಬಲಗೈಯ ಉಂಗುರದ ಬೆರಳೊಂದೇ. ಆದರೆ ಹತ್ತಕ್ಕೂ ಸುತ್ತಿದರೆ ಯಾವುದು ಮುರಿದದ್ದೆಂದು ಯಾರಿಗೂ ತಿಳಿಯದು. ಇದು ಅವನ ಹಳೆಯ ವಿದ್ಯೆ.

"ಆಗಲ್ಲ ಅಂತ ಹೇಳಿಬಿಡ್ರೀ."

"ಈ ವಯಸ್ಸಲ್ಲಿ ಒಂದ್ಸಲ ಹೊರಗೆ ಕೂತ್ರೆ ಮತ್ತೆ ಕರೀತಾರೇನೇ? ಅಲ್ಲಿಗೆ ಮುಗೀತು."

"ದೇಶಕ್ಕೆ ನಿಮ್ಮ ಕೈ ಬೇಕು, ಸರಿ. ಮನೇಲಿ ಡಬ್ಬಿ ಮುಚ್ಚಳ ತೆಗೆಯೋಕೆ ನನಗೂ ಒಂದು ಉಳಿಸಿ."

ಡ್ರೆಸ್ಸಿಂಗ್ ರೂಮಿಗೆ ಆಯ್ಕೆ ಸಮಿತಿಯ ಅಧ್ಯಕ್ಷರು ಹೊಟ್ಟೆ ಮುಂದು, ತಾವು ಹಿಂದಾಗಿ ಬಂದರು. ಪಂದ್ಯದ ಬೆಳಿಗ್ಗೆ ಎಲ್ಲರ ಕೈ ಕುಲುಕುವುದು ಅವರ ಪದ್ಧತಿ. ಕೀಪರನ ಕೈಯನ್ನು ಮಾತ್ರ ನಿಂಬೆಹಣ್ಣಿನ ಹಾಗೆ ಹಿಂಡುವರು. ನಕ್ಕರೆ ಫಿಟ್, ಮುಖ ಕಿವುಚಿದರೆ ಮನೆಗೆ.

ಹಿಂಡಿದರು. ಚಿಲಕನ ಕಣ್ಣೊಳಗೆ ನಕ್ಷತ್ರ ಕುಣಿದವು. ನಕ್ಕ.

"ಕಬ್ಬಿಣ ಕಣ್ರಯ್ಯಾ ಇವನು!" ಎಂದ ಅಧ್ಯಕ್ಷರು ಬದಲಿ ಕೀಪರನತ್ತ ತಿರುಗಿದರು. ಅವನ ಅಡ್ಡಹೆಸರು ವೇಟಿಂಗ್ ಲಿಸ್ಟ್; ಕಾದೂ ಕಾದೂ ನೆತ್ತಿಯ ಕೂದಲು ಉದುರಿತ್ತು. "ನೀನು ನೀರು ಹೊರಪ್ಪ."

ಆಮೇಲೆ ಚಿಲಕನ ಕಿವಿಗೆ ಬಾಗಿದರು. "ಉಂಗುರದ ಬೆರಳು ತಾನೆ?"

ಚಿಲಕ ಬೆಚ್ಚಿದ. "ನಿಮಗೆ ಗೊತ್ತಿತ್ತಾ ಸಾರ್?"

"ಪ್ರತೀ ಸಲಾನೂ ಗೊತ್ತಿತ್ತು. ಮುರಿದಿದೆಯಾ ಅಂತ ಯಾರು ನೋಡ್ತಾರಯ್ಯಾ? ಬಾಯಿ ಮುಚ್ಕೊಂಡಿರ್ತೀಯಾ ಅಂತ ನೋಡೋದು."

ಇಷ್ಟು ವರ್ಷ ಇವರ ಕಣ್ಣಿಗೆ ಮಣ್ಣೆರಚುತ್ತಿದ್ದೇನೆಂದು ಚಿಲಕ ಒಳಗೊಳಗೇ ಬೀಗಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಟೀವಿಯವರು ಕ್ಯಾಮೆರಾ ಎತ್ತಿದರು. ಅಧ್ಯಕ್ಷರು ಹಲ್ಲು ಕಿರಿದು, ಅದೇ ಕೈಯನ್ನು ಇನ್ನೊಮ್ಮೆ ಹಿಂಡಿದರು.

"ಅಯ್ಯಯ್ಯೋ! ಮುರಿದಿದೆ ಕಣ್ರೀ ಬೆರಳು! ಬಿಡ್ರೀ ಕೈನಾ!"

ಬೌಲರುಗಳ ಪರವಾಗಿ ಅಂಪೈರುಗಳ ಮುಂದೆ ಜೀವಮಾನವಿಡೀ ಅರಚಿದ ಗಂಟಲು ಅದು. ಗ್ಯಾಲರಿಯಲ್ಲಿ ಕೂತವರೂ ಹೊರಳಿ ನೋಡಿದರು. ಕಾದ ಬಾಣಲೆ ಮುಟ್ಟಿದವರಂತೆ ಅಧ್ಯಕ್ಷರು ಕೈ ಕಿತ್ತುಕೊಂಡರು. "ಆಫ್ ಮಾಡ್ರೋ ಅದನ್ನ!" ಯಾರೂ ಮಾಡಲಿಲ್ಲ.

"ಇನ್ಮೇಲೆ ಸ್ಟೇಡಿಯಮ್ಮಿಗೆ ಟಿಕೆಟ್ ತಗೊಂಡೇ ಬರಬೇಕು ಕಣಯ್ಯಾ ನೀನು," ಎಂದು ಹಲ್ಲು ಕಡಿದರು.

"ಬರ್ತೀನಿ ಬಿಡಿ ಸಾರ್. ಕೂತ್ಕೊಂಡು ನೋಡ್ತೀನಿ."

ವೇಟಿಂಗ್ ಲಿಸ್ಟ್ ಮೆಲ್ಲಗೆ ಹತ್ತಿರ ಸರಿದ. "ಅಣ್ಣಾ, ನಾನು ಪ್ಯಾಡ್ ಕಟ್ಲಾ?"

"ಕಟ್ಟೋ, ಬೇಗ." ಚಿಲಕ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಬೆಂಚಿನ ಮೇಲೆ ಕುಸಿದ. ಕಣ್ಣಲ್ಲಿ ನೀರು ಧಾರಾಕಾರ. "ಇನ್ನೊಂದು ಮಾತು. ನಾಳೆ ನಿಂದೂ ಮುರಿಯುತ್ತೆ. ಆಗ ನಗಬೇಡ, ಬಡ್ಡೀಮಗನೇ."